ಸರ ಹೋದ ಸಂಜೆಯಿಂದ ಶಿಕ್ಷೆಯ ದಿನದವರೆಗೆ

ಸಂಜೆಯ ಹೊತ್ತು. ದೇವಸ್ಥಾನದಿಂದ ಮನೆಯತ್ತ ನಡೆದು ಬರುತ್ತಿರುವ ಗೃಹಿಣಿಯೊಬ್ಬಳ ಬಳಿ ಮೋಟಾರ್ ಸೈಕಲ್ಲೊಂದು ನಿಧಾನವಾಗುತ್ತದೆ. ಹಿಂದೆ ಕುಳಿತವನ ಕೈ ಕ್ಷಣಾರ್ಧದಲ್ಲಿ ಆಕೆಯ ಕೊರಳನ್ನು ಮುಟ್ಟಿ ಹಿಂದೆಗೆಯುತ್ತದೆ. ಆಕೆ ಕೂಗಿಕೊಳ್ಳುವಷ್ಟರಲ್ಲಿ ವಾಹನ ತಿರುವನ್ನು ದಾಟಿರುತ್ತದೆ. ಇಪ್ಪತ್ತು ವರ್ಷ ಕೊರಳಲ್ಲಿದ್ದ ಮಾಂಗಲ್ಯದ ಸರ ಹೋಗಿರುತ್ತದೆ. ಕರ್ನಾಟಕದ ಯಾವ ನಗರಕ್ಕೂ ಅಪರಿಚಿತವಲ್ಲದ ದೃಶ್ಯವಿದು. ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು. ಕೆಲವು ತಿಂಗಳ ಬಳಿಕ, ಕಳ್ಳರು ಸೆರೆಸಿಕ್ಕರೆಂಬ ಇನ್ನೆರಡು ಸಾಲು. ಅಲ್ಲಿಗೆ ಊರು ಅದನ್ನು ಮರೆಯುತ್ತದೆ. ನ್ಯಾಯಾಲಯದ ಮಟ್ಟಿಗಾದರೋ ಕಥೆ ಆಗತಾನೆ ಆರಂಭವಾಗಿರುತ್ತದೆ.

ನಡೆದ ಅಪರಾಧಕ್ಕೆ ಹೆಸರಿಡುವುದೇ ಮೊದಲ ಕೆಲಸ. ಜನರ ಮಾತಿನಲ್ಲಿ ಎಲ್ಲವೂ ಕಳ್ಳತನವೇ. ಕಾನೂನಿನ ಮಾತು ಬೇರೆ. ಒಡೆಯನ ಒಪ್ಪಿಗೆಯಿಲ್ಲದೆ ವಸ್ತುವನ್ನು ಅಪ್ರಾಮಾಣಿಕವಾಗಿ ಒಯ್ದರೆ ಅದು ಕಳವು. ಕಳವಿಗಾಗಿ, ಇಲ್ಲವೆ ಕದ್ದುದನ್ನು ಒಯ್ಯುವುದಕ್ಕಾಗಿ ಬೇಕೆಂದೇ ಪೆಟ್ಟು ಕೊಟ್ಟರೆ, ಅಡ್ಡಗಟ್ಟಿದರೆ, ಆ ಕ್ಷಣವೇ ಪ್ರಾಣಕ್ಕೋ ಮೈಗೋ ಅಪಾಯವಾದೀತೆಂಬ ಭೀತಿಯನ್ನು ಹುಟ್ಟಿಸಿದರೆ ಅದು ಸುಲಿಗೆ. ಐದು ಮಂದಿಯೋ ಹೆಚ್ಚು ಮಂದಿಯೋ ಕೂಡಿ ಸುಲಿದರೆ ಅದು ದರೋಡೆ. 1860ರ ಭಾರತೀಯ ದಂಡ ಸಂಹಿತೆಯ ಈ ವಿಂಗಡಣೆಯನ್ನೇ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ; ಜೊತೆಗೆ, ಥಟ್ಟನೆ ಕಸಿದೊಯ್ಯುವುದನ್ನು 304ನೆಯ ಕಲಮಿನಲ್ಲಿ ಪ್ರತ್ಯೇಕ ಅಪರಾಧವನ್ನಾಗಿ ಮಾಡಿದೆ. ಆ ದಿನಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ.

ಹೆಸರಿನ ಮೇಲೆ ಇಷ್ಟೊಂದು ಚರ್ಚೆಯೇಕೆಂದು ಕೇಳಬಹುದು. ಸರವನ್ನು ಬರಿದೆ ಕಸಿದುಕೊಂಡವನಿಗೆ ಹೆಚ್ಚೆಂದರೆ ಮೂರು ವರ್ಷ ಸಜೆ. ಅದೇ ಸರಕ್ಕಾಗಿ ಆಕೆಯನ್ನು ನೆಲಕ್ಕೆ ನೂಕಿದ್ದರೆ, ಚಾಕು ತೋರಿಸಿದ್ದರೆ, 309ನೆಯ ಕಲಮಿನ ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ; ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಹೆದ್ದಾರಿಯಲ್ಲಿ ಸುಲಿದಿದ್ದರೆ ಹದಿನಾಲ್ಕು ವರ್ಷದವರೆಗೆ. ಮಾರಕಾಯುಧವನ್ನು ಬಳಸಿದವನಿಗೆ ಏಳು ವರ್ಷಕ್ಕೆ ಕಡಿಮೆ ವಿಧಿಸುವಂತಿಲ್ಲ. ದರೋಡೆಗೆ ಜೀವಾವಧಿಯೂ ಉಂಟು. ಆದುದರಿಂದ ಫಿರ್ಯಾದಿನಲ್ಲಿ ‘ನೂಕಿದ’ ಎಂಬ ಒಂದು ಮಾತು ಇದೆಯೇ ಇಲ್ಲವೇ, ವೈದ್ಯರ ಗಾಯದ ಪ್ರಮಾಣಪತ್ರ ಅದಕ್ಕೆ ಹೊಂದುತ್ತದೆಯೇ ಎಂಬುದರ ಮೇಲೆ ಒಬ್ಬನ ಬಾಳಿನ ಎಷ್ಟೋ ವರ್ಷಗಳು ತೂಗುತ್ತವೆ. ಇನ್ನೂ ಒಂದು ಅಂತರವುಂಟು. ಬರಿಯ ಕಳವಿನ ಮೊಕದ್ದಮೆ ವಸ್ತುವಿನ ಒಡೆಯ ಒಪ್ಪಿದರೆ ರಾಜಿಯಲ್ಲಿ ಮುಗಿಯಬಹುದು. ಸುಲಿಗೆಗೆ ಕಾನೂನಿನಲ್ಲಿ ಅಂಥ ರಾಜಿಯ ಬಾಗಿಲಿಲ್ಲ.

ಸುಲಿಗೆಯ ವಿಚಾರಣೆ ಸಾಮಾನ್ಯವಾಗಿ ನಡೆಯುವುದು ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರ ಮುಂದೆ. ಅವರು ವಿಧಿಸಬಹುದಾದ ಸಜೆಯ ಮಿತಿ ಮೂರು ವರ್ಷ. ಅಪರಾಧಿಗೆ ಅದು ಸಾಲದೆಂದು ಕಂಡರೆ ತಮ್ಮ ಅಭಿಪ್ರಾಯ ಬರೆದು ಮುಖ್ಯ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಅವರ ಮಿತಿ ಏಳು ವರ್ಷ. ದರೋಡೆ, ಮಾರಕಾಯುಧದ ಸುಲಿಗೆ ಇವು ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತವೆ. ಪುಸ್ತಕದಲ್ಲಿ ಹತ್ತು ವರ್ಷವೆಂದಿದ್ದರೂ ತಾಲ್ಲೂಕಿನ ನ್ಯಾಯಾಲಯದಲ್ಲಿ ಎರಡು, ಮೂರು ವರ್ಷದ ತೀರ್ಪು ಬಂದಾಗ ಜನ ಅಚ್ಚರಿಪಡುವುದುಂಟು. ಅಚ್ಚರಿಗೆ ಉತ್ತರ ಬಹುಪಾಲು ಇಲ್ಲಿಯೇ ಇದೆ.

ಆದರೆ ಶಿಕ್ಷೆಯ ಮಾತು ಬರುವುದು ಅಪರಾಧ ರುಜುವಾತಾದ ಮೇಲೆ. ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡನೆಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಅವನು ಕೊಟ್ಟ ಸುಳಿವಿನಿಂದ ಗಿರವಿ ಅಂಗಡಿಯಲ್ಲಿ ಸರ ದೊರೆತರೆ, ಆ ಮಟ್ಟಿಗೆ ಮಾತ್ರ ಅವನ ಮಾತು ಸಾಕ್ಷ್ಯವಾಗುತ್ತದೆ. ದೊರೆತುದಕ್ಕೆ ಮಹಜರು ಬೇಕು. ಮಹಜರಿಗೆ ಸಹಿ ಹಾಕುವ ಪಂಚರು ಬೇಕು. ಮುಖವನ್ನು ಕಂಡವರು ತಹಶೀಲ್ದಾರರ ಸಮ್ಮುಖದ ಗುರುತಿನ ಪರೇಡಿನಲ್ಲಿ, ಅದೇ ವಯಸ್ಸಿನ ಇತರರ ನಡುವೆ ನಿಂತವನನ್ನು ತೋರಿಸಬೇಕು. ಅದಕ್ಕೆ ಮೊದಲೇ ಅವನ ಭಾವಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗಿದ್ದರೆ ಪರೇಡಿನ ಬೆಲೆ ಕುಗ್ಗಿಹೋಗುತ್ತದೆ.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಸಾಕ್ಷಿಯ ಕಟಕಟೆಯಲ್ಲಿ. ವರ್ಷಗಳು ಕಳೆದ ಮೇಲೆ ಆ ಗೃಹಿಣಿಗೆ ಸಮನ್ಸ್ ಬರುತ್ತದೆ. ಮೊಹರು ಒಡೆದ ಪೊಟ್ಟಣದಿಂದ ಸರವನ್ನು ತೆಗೆದು ತೋರಿಸುತ್ತಾರೆ. ಪಾಟೀಸವಾಲಿನಲ್ಲಿ ಪ್ರತಿವಾದಿ ವಕೀಲರು ಕೇಳುತ್ತಾರೆ: “ಇಂಥ ಸರ ಎಲ್ಲ ಅಂಗಡಿಗಳಲ್ಲೂ ಸಿಗುತ್ತದಲ್ಲವೇ, ತಾಯಿ? ಇದು ನಿಮ್ಮದೇ ಎಂದು ಹೇಗೆ ಹೇಳುತ್ತೀರಿ?” ಕೊಂಡ ರಸೀತಿಯೋ, ಸರ ಕಾಣುವ ಮದುವೆಯ ಚಿತ್ರವೋ, ಒಮ್ಮೆ ಕೊಂಡಿ ಮುರಿದು ಬೆಸುಗೆ ಹಾಕಿಸಿದ ಗುರುತೋ ಇದ್ದರೆ ಆಕೆಗೆ ಉತ್ತರವುಂಟು. ಇಲ್ಲದಿದ್ದರೆ ಸತ್ಯವನ್ನು ಹೇಳುತ್ತಿರುವವಳೂ ತಡವರಿಸುತ್ತಾಳೆ. ಪ್ರಶ್ನೆ ನಿರ್ದಯವೆಂದು ತೋರಬಹುದು. ಆದರೆ ನಿರಪರಾಧಿಯೊಬ್ಬ ಆ ಕಟಕಟೆಯಲ್ಲಿ ನಿಂತಿದ್ದರೆ ಅವನನ್ನು ಕಾಯುವುದೂ ಅದೇ ಪ್ರಶ್ನೆ.

ಮೊಕದ್ದಮೆ ಬೀಳುವುದು ಇನ್ನೊಂದು ಬಗೆಯಿಂದಲೂ ಉಂಟು. ಸಹಿ ಹಾಕಿದ ಪಂಚರೇ ಬಂದು, “ಠಾಣೆಯಲ್ಲಿ ಸಹಿ ಮಾಡಿದೆ, ಒಳಗೆ ಏನಿತ್ತೋ ತಿಳಿಯದು” ಎನ್ನುತ್ತಾರೆ; ಪ್ರತಿಕೂಲ ಸಾಕ್ಷಿಗಳೆನಿಸುತ್ತಾರೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ನಂಬಿ ಎಷ್ಟೋ ಸಭ್ಯ ಗೃಹಸ್ಥರು ಕಂಡುದನ್ನೂ ಕಂಡಿಲ್ಲವೆನ್ನುತ್ತಾರೆ. ಶೋಧ, ಜಪ್ತಿಗಳನ್ನು ದೃಶ್ಯ-ಧ್ವನಿ ಸಹಿತ ಮುದ್ರಿಸಬೇಕೆಂದು 2024ರಲ್ಲಿ ಜಾರಿಯಾದ ಹೊಸ ಪ್ರಕ್ರಿಯಾ ಕಾನೂನು ವಿಧಿಸಿದೆ. ಯಂತ್ರ ನೆರವಾದೀತು; ಆದರೆ ಸಂಜೆಯ ತಿರುವಿನಲ್ಲಿ ನಡೆದುದನ್ನು ಹೇಳಲು ಕಂಡ ಮನುಷ್ಯನೇ ಬೇಕು.

ಅಪರಾಧ ಸಿದ್ಧವಾದ ಬಳಿಕ ಶಿಕ್ಷೆಯ ಪ್ರಮಾಣವನ್ನು ಕುರಿತು ಅಪರಾಧಿಯ ಮಾತನ್ನೂ ನ್ಯಾಯಾಧೀಶರು ಕೇಳಬೇಕು. ಹಿಂದೆ ಶಿಕ್ಷೆಯಾಗಿತ್ತೇ, ಹಿಂಸೆ ಎಷ್ಟರದು, ವಯಸ್ಸೇನು ಎಂಬುದನ್ನೆಲ್ಲ ತೂಗುತ್ತಾರೆ. ಜೀವಾವಧಿಗೆ ಗುರಿಯಾಗದ ಅಪರಾಧವೆಸಗಿದವನು ಇಪ್ಪತ್ತೊಂದು ತುಂಬದವನಾದರೆ, 1958ರ ಪ್ರೊಬೇಷನ್ ಕಾಯಿದೆಯಂತೆ, ಅವನನ್ನು ಸೆರೆಗೆ ಕಳುಹಿಸಲು ಕಾರಣಗಳನ್ನು ಬರೆದಿಡಬೇಕು. ಹದಿನೆಂಟರೊಳಗಿನವನ ವಿಚಾರವಂತೂ ಬಾಲನ್ಯಾಯ ಮಂಡಳಿಯದು. ವಿಚಾರಣೆಯ ಕಾಲದಲ್ಲಿ ಸೆರೆಯಲ್ಲಿ ಕಳೆದ ದಿನಗಳನ್ನು ಸಜೆಯಲ್ಲಿ ಕಳೆಯಲಾಗುತ್ತದೆ.

ಇನ್ನು ಸರದ ಗತಿ? ಅದು ತೀರ್ಪಿನವರೆಗೂ ಮುದ್ದೆಮಾಲಾಗಿ ಕೊಳೆಯಬೇಕಿಲ್ಲ. ಹಿಂದಿನ ಮೈಸೂರು ರಾಜ್ಯದ ಮಹಿಳೆಯೊಬ್ಬರ ಮನೆಯಿಂದ ಕಳುವಾದ ಒಡವೆಗಳು ಪತ್ತೆಯಾಗಿ, ಪೊಲೀಸರ ವಶದಲ್ಲಿರುವಾಗಲೇ ಮತ್ತೆ ಕಾಣೆಯಾದವು. ಅವುಗಳ ಬೆಲೆಯನ್ನು ಸರ್ಕಾರವೇ ತೆರಬೇಕೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಚಿತ್ರ ತೆಗೆದಿಟ್ಟು, ಮುಚ್ಚಳಿಕೆ ಬರೆಸಿಕೊಂಡು, ಬೆಲೆಬಾಳುವ ವಸ್ತುಗಳನ್ನು ಬೇಗನೆ ಒಡೆಯರಿಗೆ ಒಪ್ಪಿಸತಕ್ಕದ್ದೆಂದು ಅದೇ ನ್ಯಾಯಾಲಯ 2002ರಲ್ಲಿ ಸಾರಿತು. ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡುವ ಹಕ್ಕು ಪ್ರತಿಯೊಬ್ಬ ಫಿರ್ಯಾದುದಾರನಿಗೂ ಉಂಟು.

ಒಂದು ದಿನ ಆ ಗೃಹಿಣಿ ಸರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನ್ಯಾಯಾಲಯದ ಮೆಟ್ಟಿಲಿಳಿಯುತ್ತಾಳೆ. ಅದು ಅವಳ ಕೊರಳಿಗೆ ಮರಳುವುದಕ್ಕೆ ಪೊಲೀಸರೂ ವಕೀಲರೂ ನ್ಯಾಯಾಧೀಶರೂ ಬೇಕಾದರು, ನಿಜ. ಅವರಷ್ಟೇ ಬೇಕಾದವನು ಇನ್ನೊಬ್ಬನಿದ್ದ: ಅಂಗಡಿಗೆ ಒಂದು ದಿನ ಬಾಗಿಲು ಹಾಕಿ, ಸಮನ್ಸಿಗೆ ಓಗೊಟ್ಟು ಬಂದು, ಕಂಡುದನ್ನು ಕಂಡಂತೆ ಹೇಳಿಹೋದ ಬೀದಿಯ ಕೊನೆಯ ಅಂಗಡಿಯವನು.