ಮೊಬೈಲ್ ಸಿಗ್ನಲ್ ಬೂಸ್ಟರ್‌ಗಳಿಂದ ಉಂಟಾಗುವ ಅಡಚಣೆ: ಸಾರ್ವಜನಿಕರ ತಿಳಿವಳಿಕೆಗಾಗಿ

ಮನೆ, ಅಂಗಡಿ ಅಥವಾ ಕಚೇರಿಯೊಳಗೆ ಮೊಬೈಲ್ ಸಿಗ್ನಲ್ ದುರ್ಬಲವಾಗಿದ್ದಾಗ ಕೆಲವರು ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರ್ ಎಂಬ ಸಾಧನವನ್ನು ಕೊಂಡು ಛಾವಣಿಯ ಮೇಲೆ ಅಳವಡಿಸಿಕೊಳ್ಳುವುದುಂಟು. ಇದರಿಂದ ಒಂದು ಮನೆಗೆ ಅನುಕೂಲವಾದಂತೆ ತೋರಿದರೂ, ಸುತ್ತಲಿನ ಅನೇಕ ಬಳಕೆದಾರರ ಸಂಪರ್ಕಕ್ಕೆ ಧಕ್ಕೆಯಾಗುತ್ತದೆ. ತುರ್ತು ಸಂಖ್ಯೆ 112ಕ್ಕೆ ಮಾಡಿದ ಕರೆಯೂ ಸಹ ಮುಟ್ಟದೆ ಹೋಗುವ ಸಂಭವವಿರುತ್ತದೆ. ಇದಕ್ಕೆ ಕಾರಣವನ್ನೂ, ಸಿಗ್ನಲ್ ಕೊರತೆಗೆ ಲಭ್ಯವಿರುವ ಸಕ್ರಮ ಪರಿಹಾರಗಳನ್ನೂ ಈ ಕೆಳಗೆ ವಿವರಿಸಲಾಗಿದೆ.

ಗೋಪುರದ ರಿಸೀವರ್

ಮೊಬೈಲ್ ಸಂಪರ್ಕವು ಎರಡು ದಿಕ್ಕಿನದು. ಉದಾಹರಣೆಗೆ, 900 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಫೋನಿನಿಂದ ಗೋಪುರಕ್ಕೆ 890ರಿಂದ 915 ಮೆಗಾಹರ್ಟ್ಸ್, ಗೋಪುರದಿಂದ ಫೋನಿಗೆ 935ರಿಂದ 960 ಮೆಗಾಹರ್ಟ್ಸ್ ಬಳಕೆಯಾಗುತ್ತವೆ. ಸಾಮಾನ್ಯ 4ಜಿ ಫೋನಿನ ಗರಿಷ್ಠ ಪ್ರಸಾರ ಶಕ್ತಿ ಸುಮಾರು 200 ಮಿಲಿವಾಟ್ ಮಾತ್ರ. ದೂರದ ಫೋನಿನ ಸಿಗ್ನಲ್ ಗೋಪುರವನ್ನು ತಲುಪುವ ವೇಳೆಗೆ ಒಂದು ವಾಟ್‌ನ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕ್ಷೀಣವಾಗಿರುತ್ತದೆ.

ಇಷ್ಟು ಕ್ಷೀಣವಾದ ಸಿಗ್ನಲನ್ನು ರಿಸೀವರ್ ಗ್ರಹಿಸಬಲ್ಲದೇ ಎಂಬುದು ಸಿಗ್ನಲಿನ ಬಲವೊಂದನ್ನೇ ಅವಲಂಬಿಸಿಲ್ಲ; ಅದೇ ತರಂಗಾಂತರದಲ್ಲಿರುವ ಗದ್ದಲಕ್ಕಿಂತ ಅದು ಎಷ್ಟು ಮೇಲಿದೆ ಎಂಬುದನ್ನು ಅವಲಂಬಿಸಿದೆ. ನಿಶ್ಶಬ್ದವಾದ ಕೋಣೆಯಲ್ಲಿ ಪಿಸುಮಾತೂ ಕೇಳಿಸುತ್ತದೆ. ಸಂತೆಯ ನಡುವೆ ಕೂಗಿದರೂ ಕೇಳಿಸುವುದಿಲ್ಲ. ಆದುದರಿಂದ ರಿಸೀವರಿನ ಕಾರ್ಯಕ್ಷಮತೆಯನ್ನು ಕಾಪಾಡಲು ಗದ್ದಲವನ್ನು ತಗ್ಗಿಸುವುದು ಅತ್ಯಗತ್ಯವಾಗಿದೆ.

ಬೂಸ್ಟರ್‌ನಿಂದ ಅಡಚಣೆಯಾಗುವ ಬಗೆ

1. ಬೂಸ್ಟರ್ ತನಗೆ ಬಂದ ಸಿಗ್ನಲಿನೊಡನೆ ಗದ್ದಲವನ್ನೂ ವರ್ಧಿಸುತ್ತದೆ. 70 ಡೆಸಿಬಲ್ ವರ್ಧನೆ ಎಂದರೆ ಒಂದು ಕೋಟಿ ಪಟ್ಟು. ಅಗ್ಗದ ಸಾಧನಗಳು ಇಡೀ ಬ್ಯಾಂಡನ್ನು ವರ್ಧಿಸುವುದರಿಂದ, ಒಂದು ಕಂಪನಿಯ ಸಿಗ್ನಲಿಗಾಗಿ ಹಾಕಿದ ಬೂಸ್ಟರ್ ಇತರ ಕಂಪನಿಗಳ ಗೋಪುರಗಳಿಗೂ ತೊಂದರೆ ನೀಡುತ್ತದೆ.

2. ಛಾವಣಿಯ ಆಂಟೆನಾ ಹಾಗೂ ಒಳಗಿನ ಆಂಟೆನಾಗಳ ನಡುವೆ ಸಾಕಷ್ಟು ಪ್ರತ್ಯೇಕತೆ ಇಲ್ಲದಿದ್ದರೆ, ಒಂದರ ಸಿಗ್ನಲ್ ಮತ್ತೊಂದಕ್ಕೆ ಮರಳಿ ಸೇರುತ್ತದೆ. ಧ್ವನಿವರ್ಧಕದ ಎದುರು ಮೈಕ್ ಹಿಡಿದಾಗ ಕೀರಲು ಶಬ್ದ ಏಳುವಂತೆ ಸಾಧನವು ತಾನಾಗಿಯೇ ನಿರಂತರ ತರಂಗಗಳನ್ನು ಹೊರಸೂಸತೊಡಗುತ್ತದೆ.

3. ಸಮೀಪದ ಫೋನುಗಳು ಕಡಿಮೆ ಶಕ್ತಿ ಬಳಸುವಂತೆ ಗೋಪುರವು ಆಗಿಂದಾಗ್ಗೆ ಆದೇಶ ನೀಡುತ್ತಿರುತ್ತದೆ. ಫೋನುಗಳು ಇದನ್ನು ಪಾಲಿಸುತ್ತವೆ. ಸಾಮಾನ್ಯ ಬೂಸ್ಟರ್‌ಗೆ ಈ ಆದೇಶ ಅರ್ಥವಾಗುವುದಿಲ್ಲ; ಯಾರೂ ಮಾತನಾಡದಿದ್ದಾಗಲೂ ಅದು ಗದ್ದಲವನ್ನು ಕಳುಹಿಸುತ್ತಲೇ ಇರುತ್ತದೆ.

ಗೋಪುರದ ರಿಸೀವರಿನಲ್ಲಿ ಗದ್ದಲವು ಹತ್ತು ಪಟ್ಟು ಹೆಚ್ಚಿದರೆ, ನಗರ ಪ್ರದೇಶದಲ್ಲಿ ಅದಕ್ಕೆ ಫೋನುಗಳು ಕೇಳಿಸಬಲ್ಲ ದೂರವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಗಡಿಯಾಚೆ ಇರುವವರ ಫೋನಿನಲ್ಲಿ ಸಿಗ್ನಲ್ ಗೆರೆಗಳು ಪೂರ್ಣವಾಗಿಯೇ ಕಾಣಬಹುದು. ಏಕೆಂದರೆ ಗೋಪುರದ ಧ್ವನಿ ಫೋನಿಗೆ ತಲುಪುತ್ತಿರುತ್ತದೆ, ಫೋನಿನ ಧ್ವನಿ ಗೋಪುರಕ್ಕೆ ತಲುಪುತ್ತಿರುವುದಿಲ್ಲ. ಗೆರೆಗಳಿದ್ದರೂ ಕರೆ ಹೋಗದಿರುವುದು ಅಥವಾ ನಡುವೆ ಕಡಿತಗೊಳ್ಳುವುದು ಪದೇ ಪದೇ ಕಂಡುಬಂದಲ್ಲಿ, ಇಂತಹ ಅಡಚಣೆಯೂ ಒಂದು ಕಾರಣವಾಗಿರಬಹುದು.

ಕಾನೂನಿನ ಸ್ಥಿತಿ

ಪರವಾನಗಿ ಅಥವಾ ವಿನಾಯಿತಿ ಇಲ್ಲದೆ ರೇಡಿಯೋ ಸಾಧನವನ್ನು ಹೊಂದಿರುವುದನ್ನು 1933ರ ಭಾರತೀಯ ನಿಸ್ತಂತು ತಂತಿ ಅಧಿನಿಯಮವು ನಿಷೇಧಿಸಿತು. 2023ರ ದೂರಸಂಪರ್ಕ ಅಧಿನಿಯಮವೂ ಇದೇ ತತ್ತ್ವವನ್ನು ಅನುಸರಿಸಿದೆ. ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳನ್ನು ಹೊರತುಪಡಿಸಿ ಇತರರು ಮೊಬೈಲ್ ಬೂಸ್ಟರ್ ಹೊಂದುವುದು, ಮಾರುವುದು ಹಾಗೂ ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆಯು 2022ರ ಜುಲೈ ತಿಂಗಳಲ್ಲಿ ಸಾರ್ವಜನಿಕರಿಗೆ ತಿಳಿಯಪಡಿಸಿದೆ. ಅಂಗಡಿಯಲ್ಲಿ ಬಹಿರಂಗವಾಗಿ ಮಾರಾಟವಾಗುತ್ತಿದೆ ಎಂಬ ಮಾತ್ರಕ್ಕೆ ಅದರ ಬಳಕೆ ಸಕ್ರಮವಾಗುವುದಿಲ್ಲ. ಮನೆಗಳಲ್ಲಿ ಬಳಸುವ ಸಾಮಾನ್ಯ ವೈ-ಫೈ ರೂಟರ್‌ಗಳು ಪರವಾನಗಿ ವಿನಾಯಿತಿ ಇರುವ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುವುದರಿಂದ ಅವುಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ಸಿಗ್ನಲ್ ಸುಧಾರಣೆಗೆ ಸಕ್ರಮ ಮಾರ್ಗಗಳು

1. ಕಾಂಕ್ರೀಟ್ ಗೋಡೆ, ತಗಡಿನ ಛಾವಣಿ ಹಾಗೂ ಲೋಹ ಲೇಪಿತ ಗಾಜು ಸಿಗ್ನಲನ್ನು ತಗ್ಗಿಸುತ್ತವೆ. ಕಿಟಕಿಯ ಬಳಿ ಮತ್ತು ಮನೆಯ ಹೊರಗೆ ಪರೀಕ್ಷಿಸಿ, ಕೊರತೆಯು ಕಟ್ಟಡದ ಒಳಗಿನದೋ ಪ್ರದೇಶದ್ದೋ ಎಂದು ಮೊದಲು ತಿಳಿದುಕೊಳ್ಳತಕ್ಕದ್ದು.

2. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು, ಫೋನ್ ಹಾಗೂ ಕಂಪನಿಯ ಸೇವೆಯಲ್ಲಿ ಅವಕಾಶವಿದ್ದಲ್ಲಿ, ವೈ-ಫೈ ಮೂಲಕ ಕರೆ ಮಾಡುವ ಸೌಲಭ್ಯವನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಾಲನೆಗೊಳಿಸಬಹುದು.

3. ವಸತಿ ಸಮುಚ್ಚಯ, ಆಸ್ಪತ್ರೆ, ನೆಲಮಾಳಿಗೆ ಮುಂತಾದೆಡೆ ಕಟ್ಟಡದೊಳಗಿನ ಸಿಗ್ನಲ್ ವ್ಯವಸ್ಥೆಯನ್ನು ಕಂಪನಿಯಿಂದಲೇ ಅಳವಡಿಸುವಂತೆ ಮಾಲೀಕರು ಅಥವಾ ನಿವಾಸಿಗಳ ಸಂಘವು ಲಿಖಿತ ಕೋರಿಕೆ ಸಲ್ಲಿಸಬಹುದು.

ದೂರು ಸಲ್ಲಿಸುವ ವಿಧಾನ

ಮೊದಲು ತಮ್ಮ ಕಂಪನಿಯ ದೂರು ಕೇಂದ್ರಕ್ಕೆ (198) ಕರೆ ಮಾಡಿ ದೂರು ಸಂಖ್ಯೆಯನ್ನು ಪಡೆಯತಕ್ಕದ್ದು. ತೊಂದರೆಯ ಸ್ಥಳ, ದಿನಾಂಕ, ವೇಳೆ, ಕಟ್ಟಡದ ಒಳಗೋ ಹೊರಗೋ, ಹಾಗೂ ಆ ಸಮಯದಲ್ಲಿ ಸಿಗ್ನಲ್ ಗೆರೆಗಳು ಕಾಣುತ್ತಿದ್ದವೇ ಎಂಬ ವಿವರಗಳನ್ನು ನೀಡಿದಲ್ಲಿ ಕಾರಣ ಪತ್ತೆಗೆ ಸಹಾಯವಾಗುತ್ತದೆ. ಪರಿಹಾರ ತೃಪ್ತಿಕರವಾಗಿಲ್ಲದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣವಾದ ಸಿಪಿಗ್ರಾಮ್ಸ್ ಮೂಲಕ ದೂರಸಂಪರ್ಕ ಇಲಾಖೆಗೆ ದೂರು ನೀಡಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವುದಿಲ್ಲ.

ಅಕ್ಕಪಕ್ಕದ ಕಟ್ಟಡದಲ್ಲಿ ಬೂಸ್ಟರ್ ಇರುವ ಅನುಮಾನವಿದ್ದಲ್ಲಿ ಅದನ್ನು ತಾವೇ ಕಿತ್ತುಹಾಕಲು ಮುಂದಾಗದೆ, ಕಂಪನಿಗೆ ಮಾಹಿತಿ ನೀಡತಕ್ಕದ್ದು. ಅಡಚಣೆಯ ಮೂಲದ ದಿಕ್ಕನ್ನು ಅಳೆದು ಪತ್ತೆಹಚ್ಚುವ ಉಪಕರಣಗಳು ದೂರಸಂಪರ್ಕ ಇಲಾಖೆಯ ನಿಸ್ತಂತು ನಿಗಾ ಸಂಸ್ಥೆಯಲ್ಲಿವೆ. ಈಗಾಗಲೇ ಬೂಸ್ಟರ್ ಅಳವಡಿಸಿಕೊಂಡಿರುವವರು ಅದರ ವಿದ್ಯುತ್ ಸಂಪರ್ಕವನ್ನು ಕೂಡಲೇ ಕಡಿತಗೊಳಿಸಿ, ಮೇಲ್ಕಂಡ ಸಕ್ರಮ ಮಾರ್ಗಗಳಲ್ಲಿ ಸೇವೆ ಪಡೆಯುವಂತೆ ಕೋರಲಾಗಿದೆ.