ಸುಮ್ಮನಿದ್ದ ಕಂಪ್ಯೂಟರಿನ ನಿದ್ದೆ ಕೆಡಿಸಿದ್ದು ಯಾರು?

ಲ್ಯಾಪ್‌ಟಾಪಿನಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ. ಪರದೆಯ ಮೇಲೆ ಖಾಲಿ ಡೆಸ್ಕ್‌ಟಾಪ್, ಅಷ್ಟೇ. ಆದರೂ ಬ್ಯಾಟರಿ ಇಳಿಯುತ್ತಲೇ ಇದೆ. ಲಿನಕ್ಸ್ ಬಳಸುತ್ತಿದ್ದ ಅನೇಕರು ಈ ಒಗಟನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದರು. ಅದು ಬಿಡಿಸಿಕೊಂಡದ್ದು 2007ರಲ್ಲಿ.

ಮೊದಲ ಆರೋಪಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೇ ಇತ್ತು. ಕಾಲದ ಲೆಕ್ಕ ಇಡಲು ಕರ್ನೆಲ್ ಪ್ರೊಸೆಸರನ್ನು ನಿಗದಿತ ಅಂತರದಲ್ಲಿ ಎಬ್ಬಿಸುತ್ತಿತ್ತು. ಇದಕ್ಕೆ ಟಿಕ್ ಎನ್ನುತ್ತಾರೆ. 2.4ನೇ ಆವೃತ್ತಿಯ ಕಾಲಕ್ಕೆ ಸಾಮಾನ್ಯ ಪಿಸಿಗಳಲ್ಲಿ ಸೆಕೆಂಡಿಗೆ 100 ಇದ್ದ ಟಿಕ್ 2.6ರಲ್ಲಿ 1,000ಕ್ಕೆ ಏರಿತು. 2005ರಲ್ಲಿ ಅದನ್ನು 250ಕ್ಕೆ ಇಳಿಸಿದರು. ಕೆಲಸ ಇರಲಿ ಬಿಡಲಿ, ಟಿಕ್ ಮಾತ್ರ ತಪ್ಪುತ್ತಿರಲಿಲ್ಲ. ಬಿಡುವಾದಾಗ ಪ್ರೊಸೆಸರ್ ಸಿ1, ಸಿ2, ಸಿ3 ಎಂಬ ನಿದ್ದೆಯ ಹಂತಗಳಿಗೆ ಇಳಿಯುತ್ತದೆ. ಆಳಕ್ಕೆ ಹೋದಷ್ಟೂ ಉಳಿತಾಯ ಹೆಚ್ಚು; ಹಾಗೆಯೇ ಅಲ್ಲಿಂದ ಎದ್ದು ಬರಲು ತಗಲುವ ಹೊತ್ತೂ ಹೆಚ್ಚು. ತೊಟ್ಟಿಲಲ್ಲಿ ಹಾಕಿದ ಮಗುವನ್ನು ಗಳಿಗೆಗೊಮ್ಮೆ ಅಲುಗಿಸಿ ‘ನಿದ್ದೆ ಬಂತಾ ಕಂದಾ’ ಎಂದು ಕೇಳಿದರೆ ಅದು ಮಲಗುವುದಾದರೂ ಹೇಗೆ?

ಥಾಮಸ್ ಗ್ಲೈಕ್ಸ್ನರ್ ಮತ್ತು ಇಂಗೊ ಮೋಲ್ನಾರ್ ಇದಕ್ಕೆ ಪರಿಹಾರ ಕಟ್ಟಿದರು. ಮುಂದಿನ ಕೆಲಸ ಯಾವಾಗಲೋ ಆಗ ಎಬ್ಬಿಸಿದರೆ ಸಾಕು, ನಡುವೆ ಟಿಕ್ ಬೇಡ. 2007ರ ಏಪ್ರಿಲ್‌ನಲ್ಲಿ ಬಂದ 2.6.21ನೇ ಕರ್ನೆಲ್‌ನಲ್ಲಿ ಇದು ಸೇರಿತು. ಇನ್ನಾದರೂ ಪ್ರೊಸೆಸರ್ ನೆಮ್ಮದಿಯಾಗಿ ಮಲಗಬೇಕಿತ್ತು. ಮಲಗಲಿಲ್ಲ.

ಇಂಟೆಲ್‌ನಲ್ಲಿದ್ದ ಆರ್ಯನ್ ವಾನ್ ಡೆ ವೆನ್ ಅದೇ ಮೇ ತಿಂಗಳಲ್ಲಿ ಪವರ್‌ಟಾಪ್ ಎಂಬ ಪುಟ್ಟ ತಂತ್ರಾಂಶ ಹೊರತಂದರು. ಅದರ ಜಾಣತನವೆಲ್ಲ ಮೂರು ಸಂಗತಿಗಳನ್ನು ಒಂದೇ ಪರದೆಗೆ ತಂದದ್ದರಲ್ಲಿದೆ. ಬ್ಯಾಟರಿಯಿಂದ ಈಗ ಎಷ್ಟು ವ್ಯಾಟ್ ಹೋಗುತ್ತಿದೆ, ಪ್ರೊಸೆಸರ್ ಯಾವ ಹಂತದ ನಿದ್ದೆಯಲ್ಲಿ ಎಷ್ಟು ಹೊತ್ತು ಕಳೆಯುತ್ತಿದೆ, ಅದನ್ನು ಸೆಕೆಂಡಿಗೆ ಎಷ್ಟು ಸಲ ಯಾರು ಎಬ್ಬಿಸುತ್ತಿದ್ದಾರೆ. ಮೂರನೆಯದಕ್ಕೆ ಉತ್ತರವಾಗಿ ತಂತ್ರಾಂಶಗಳ ಹೆಸರೇ ಪಟ್ಟಿಯಾಗಿ ಬರುತ್ತಿತ್ತು.

ಪಟ್ಟಿಯಲ್ಲಿ ಇದ್ದವರೆಲ್ಲ ಮನೆಯವರೇ. ಯಾರಾದರೂ ಧ್ವನಿ ಬದಲಿಸಿದರೇ ಎಂದು ಮತ್ತೆ ಮತ್ತೆ ಇಣುಕುತ್ತಿದ್ದ ವಾಲ್ಯೂಮ್ ಗುಂಡಿ, ಖಾಲಿ ಡ್ರೈವಿಗೆ ಸಿಡಿ ಬಂತೇ ಎಂದು ವಿಚಾರಿಸುತ್ತಿದ್ದ ಸೇವೆ, ಹರಟೆಯ ತಂತ್ರಾಂಶ, ಬ್ರೌಸರ್. ಒಂದೊಂದರ ತಪ್ಪೂ ಚಿಕ್ಕದು. ಕೂಡಿದರೆ ಆಳ ನಿದ್ದೆಗೆ ಅವಕಾಶವೇ ಇಲ್ಲ. ಹೆಸರು ಗೊತ್ತಾದ ಮೇಲೆ ತಿದ್ದುವ ಕೆಲಸ ಸಲೀಸಾಯಿತು, ಏಕೆಂದರೆ ಈ ತಂತ್ರಾಂಶಗಳ ಮೂಲ ಸಂಕೇತ ಎಲ್ಲರಿಗೂ ತೆರೆದಿತ್ತು. ಕೇಳಿ ಕೇಳಿ ತಿಳಿಯುವ ಬದಲು, ಬದಲಾವಣೆಯಾದಾಗ ಸುದ್ದಿ ಬರುವಂತೆ ಮಾಡಿದರು. ಅದೇ ವರ್ಷ, ಅನೇಕ ತಂತ್ರಾಂಶಗಳು ಹಂಚಿಕೊಳ್ಳುವ ಜಿಲಿಬ್ ಎಂಬ ಸಂಕೇತ ಭಂಡಾರಕ್ಕೆ ಹೊಸದೊಂದು ಸೌಲಭ್ಯ ಬಂತು. ಕರಾರುವಾಕ್ಕು ಸಮಯ ಬೇಡವಾದ ಕೆಲಸಗಳೆಲ್ಲ ಒಟ್ಟಾಗಿ ಒಂದೇ ಸಲ ಎಬ್ಬಿಸಿ ಮುಗಿಸಿಕೊಳ್ಳಲಿ ಎಂಬುದು ಅದರ ಉದ್ದೇಶ.

ಈ ಶೋಧವನ್ನು ಇವತ್ತು ನಮ್ಮ ಲಿನಕ್ಸ್ ಲ್ಯಾಪ್‌ಟಾಪಿನಲ್ಲೇ ಮತ್ತೆ ನಡೆಸಬಹುದು. ‘ಸಿಸ್’ ಎಂಬ ಫೋಲ್ಡರಿನೊಳಗೆ ‘ಕ್ಲಾಸ್’, ಅದರೊಳಗೆ ‘ಪವರ್ ಸಪ್ಲೈ’, ಅಲ್ಲಿ ಸಾಮಾನ್ಯವಾಗಿ ‘ಬ್ಯಾಟ್0’ ಅಥವಾ ‘ಬ್ಯಾಟ್1’ ಸಿಗುತ್ತದೆ. ಒಳಗಿರುವುದು ಬರಿಯ ಅಂಕಿಗಳ ಕಡತಗಳು. ‘ಎನರ್ಜಿ ನೌ’ನಲ್ಲಿ 3,00,00,000 ಎಂದಿದ್ದರೆ ಅದು ಮೈಕ್ರೊವ್ಯಾಟ್-ಗಂಟೆಗಳಲ್ಲಿ, ಅಂದರೆ 30 ವ್ಯಾಟ್-ಗಂಟೆ. ‘ಪವರ್ ನೌ’ 10 ವ್ಯಾಟ್ ತೋರಿಸಿದರೆ ಇನ್ನು ಮೂರು ತಾಸು ಬಾಳಿಕೆ. ‘ಎನರ್ಜಿ ಫುಲ್ ಡಿಸೈನ್’ 50 ಇದ್ದು ‘ಎನರ್ಜಿ ಫುಲ್’ 38 ಆಗಿದ್ದರೆ ಬ್ಯಾಟರಿಯ ಶಕ್ತಿಯಲ್ಲಿ ಶೇ. 24 ಸವೆದಿದೆ. ಕೆಲವು ಬ್ಯಾಟರಿಗಳು ಎನರ್ಜಿ ಬದಲು ‘ಚಾರ್ಜ್’ ಹೆಸರಿನ ಕಡತಗಳನ್ನು ಕೊಡುತ್ತವೆ. ಅವುಗಳ ಲೆಕ್ಕ ಮೈಕ್ರೊಆಂಪಿಯರ್-ಗಂಟೆಗಳಲ್ಲಿ.

ಇದು ಖರ್ಚಿನ ಲೆಕ್ಕ. ಖರ್ಚು ಯಾರದು ಎಂದು ತಿಳಿಯಲು ಪವರ್‌ಟಾಪನ್ನು ರೂಟ್ (ನಿರ್ವಾಹಕ) ಅಧಿಕಾರದಲ್ಲಿ, ಚಾರ್ಜರ್ ಕಿತ್ತು ನಡೆಸಬೇಕು. ಬ್ಯಾಟರಿಯ ಖರ್ಚು ಕಾಣುವುದು ಆಗಲೇ. ಮೊದಲು ಎಲ್ಲ ಮುಚ್ಚಿ ಖಾಲಿ ಡೆಸ್ಕ್‌ಟಾಪಿನ ವ್ಯಾಟ್ ಬರೆದಿಟ್ಟುಕೊಳ್ಳಿ. ಆಮೇಲೆ ಒಂದೊಂದೇ ತಂತ್ರಾಂಶ ತೆರೆಯುತ್ತ ಅಂಕಿ ಎಷ್ಟು ಜಿಗಿಯಿತು ನೋಡಿ. ವಿದ್ಯುತ್ ಉಳಿತಾಯದ ಆಯ್ಕೆಗಳಿರುವ ಅಲ್ಲಿನ ‘ಟ್ಯೂನಬಲ್ಸ್’ ಪುಟದಲ್ಲಿ ಮಾಡಿದ ಬದಲಾವಣೆ ರೀಬೂಟ್ ಆದರೆ ಹೋಗುತ್ತದೆ, ಹಾಗಾಗಿ ಧೈರ್ಯವಾಗಿ ಪರೀಕ್ಷಿಸಬಹುದು. ಯುಎಸ್‌ಬಿ ಮೌಸ್ ತಡವರಿಸತೊಡಗಿದರೆ ಅದೊಂದನ್ನು ಹಿಂದಿನಂತೆ ಬಿಡಿ.

ಮೂಲೆಯ ಶೇಕಡಾ ಗುರುತು ಎಷ್ಟು ಉಳಿದಿದೆ ಎಂದಷ್ಟೇ ಹೇಳುತ್ತದೆ. 2007ರ ಪಾಠ ಬೇರೆ: ಖರ್ಚಿನ ಪಕ್ಕದಲ್ಲಿ ಖರ್ಚು ಮಾಡಿದವರ ಹೆಸರೂ ಇರಬೇಕು. ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮುನ್ನ ಆ ಪಟ್ಟಿಯನ್ನೊಮ್ಮೆ ತೆಗೆದು ನೋಡಿ.