ಪುಣೆಯ ಮಳೆ, ಭೀಮಾ ತೀರದ ಹೊಲ

ಜುಲೈ ಬಂತೆಂದರೆ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಒಂದು ಲೆಕ್ಕ ಬರುತ್ತದೆ. ಖಡಕ್‌ವಾಸ್ಲಾ ಇಷ್ಟು, ಪಾನ್‌ಶೇತ್ ಇಷ್ಟು, ವರಸ್‌ಗಾಂವ್ ಇಷ್ಟು, ಟೇಮ್‌ಘರ್ ಇಷ್ಟು. ನಾಲ್ಕೂ ಸೇರಿ ಸುಮಾರು 29 ಟಿಎಂಸಿ. ತುಂಬಿದ ದಿನ ಎಲ್ಲರಿಗೂ ಖುಷಿ. ನಲ್ಲಿ ನೀರಿಗೆ ಕಡಿತವಿಲ್ಲ ಎಂಬ ಸಮಾಧಾನ. ಅದೇ ಸಂಜೆ ಅಫಜಲಪುರ ತಾಲೂಕಿನ ನಮ್ಮೂರಿನಿಂದ ದೊಡ್ಡಪ್ಪನ ಫೋನ್: “ತಮ್ಮಾ, ನಿಮ್ಮ ಕಡಿ ಮಳಿ ಹ್ಯಾಂಗದ? ಡ್ಯಾಮ್ ತುಂಬ್ಯಾವೇನು?” ಅವರ ದನಿಯಲ್ಲಿ ಖುಷಿಗಿಂತ ಆತಂಕವೇ ಹೆಚ್ಚು.

ಕಾರಣ ಸರಳ. ಪುಣೆಯ ಮುಳಾ-ಮುಠಾ ನದಿ ದೌಂಡ್ ತಾಲೂಕಿನಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯ, ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ. ಸುಮಾರು 117 ಟಿಎಂಸಿಯ ಉಜನಿ ತುಂಬುವವರೆಗೆ ನೀರು ಅಲ್ಲಿ ನಿಲ್ಲುತ್ತದೆ. ತುಂಬಿದ ಮೇಲೆ ಬಂದದ್ದೆಲ್ಲ ನಮ್ಮೂರ ಕಡೆಗೇ.

2020ರ ಅಕ್ಟೋಬರ್‌ನಲ್ಲಿ, ಚಿತ್ತಿ ಮಳೆಯ ದಿನಗಳಲ್ಲಿ, ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಬಳಿ ದಡ ಹತ್ತಿ, ತೆಲಂಗಾಣ ಮತ್ತು ಉತ್ತರ ಕರ್ನಾಟಕ ದಾಟಿ ಮಹಾರಾಷ್ಟ್ರಕ್ಕೆ ಬಂತು. 14ರ ರಾತ್ರಿ ಪುಣೆಯ ರಸ್ತೆಗಳು ಹೊಳೆಯಾದವು. ಊರಲ್ಲೂ ಮಳೆ, ಮೇಲಿಂದ ಜಲಾಶಯಗಳ ನೀರು. ಭೀಮೆ ಉಕ್ಕಿ ಊರುಗಳನ್ನು ಹೊಕ್ಕಳು. ದೊಡ್ಡಪ್ಪನ ತೊಗರಿ ನೀರಲ್ಲಿ ನಿಂತು ಕೊಳೆಯಿತು.

ಮೂರು ವರ್ಷದ ನಂತರ ಇದಕ್ಕೆ ತದ್ವಿರುದ್ಧ. 2023ರಲ್ಲಿ ಮಳೆ ಕೈಕೊಟ್ಟು, ಕರ್ನಾಟಕ ಸರ್ಕಾರ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ ಊರಿನವರು ಕುಡಿಯುವ ನೀರಿಗೆ ಕೊಡ ಹಿಡಿದು ಕಾಯುತ್ತಿದ್ದಾಗ, ಇಲ್ಲಿ ನಮ್ಮ ಸೊಸೈಟಿಯಲ್ಲಿ ಕಾರು ತೊಳೆಯುವುದು ನಿಂತಿರಲಿಲ್ಲ. ನಾನೂ ತೊಳೆಸುತ್ತಿದ್ದೆ. ಮತ್ತೆ 2024ರ ಜುಲೈ 25ರಂದು ಪುಣೆಯಲ್ಲೇ, ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನೀರು ನುಗ್ಗಿತು.

ಈ ಅತಿರೇಕಗಳನ್ನು ಅಭ್ಯಾಸ ಮಾಡುವವರೂ ಪುಣೆಯಲ್ಲೇ ಇದ್ದಾರೆ. ಪಾಷಾಣ್‌ನ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1950ರಿಂದ 2015ರವರೆಗೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ಒಟ್ಟು ಮುಂಗಾರು ಮಳೆ ಮಾತ್ರ ಕಡಿಮೆಯಾಗಿದೆ. ಬಿಸಿಯಾಗುತ್ತಿರುವ ಅರಬ್ಬಿ ಸಮುದ್ರದಿಂದ ತೇವಾಂಶ ಅಲೆಅಲೆಯಾಗಿ ನುಗ್ಗುವುದು ಇದಕ್ಕೆ ಕಾರಣ ಎನ್ನುತ್ತದೆ ಆ ಅಧ್ಯಯನ. ಅದು ನಮ್ಮ ಸೀಮೆಗಿಂತ ಉತ್ತರದ ಪ್ರದೇಶದ್ದು. ಆದರೆ ಅದನ್ನು ಓದದ ದೊಡ್ಡಪ್ಪ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: “ಮೊದಲ ಮಳಿ ಬಿಟ್ಟು ಬಿಟ್ಟು ಬರ್ತಿತ್ತು, ನೆಲ ಕುಡೀತಿತ್ತು. ಈಗ ಒಮ್ಮೆಲೆ ಹೊಡೀತದ, ಆಮ್ಯಾಲ ತಿಂಗಳಗಟ್ಲೆ ಮಾರಿ ತೋರ್ಸಂಗಿಲ್ಲ.”

ಈ ನದಿಯ ಮೇಲಿನವರೂ ಕೆಳಗಿನವರೂ ಪರಕೀಯರಲ್ಲ. ಪುಣೆಯ ಮೇಲೆ ಹಾದುಹೋಗುವ ಪಾಲಖಿಗಳು ಆಷಾಢದಲ್ಲಿ ಸೇರುವುದು ಭೀಮೆಯ ದಡದ ಪಂಢರಪುರವನ್ನು. ಅಲ್ಲಿ ಅವಳ ಹೆಸರು ಚಂದ್ರಭಾಗಾ. ನಮ್ಮ ಕಡೆಯವರೂ ಆ ವಿಠ್ಠಲನ ಒಕ್ಕಲೇ. ಪುಣೆಯ ದತ್ತಭಕ್ತರು ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕುವುದೂ ಇದೇ ಭೀಮೆಯಲ್ಲಿ. ದೇವರ ವಿಷಯದಲ್ಲಿ ನದಿ ಒಂದೇ. ನೀರಿನ ವಿಷಯ ಬಂದಾಗ ಮಾತ್ರ ಅದು ಎರಡು ರಾಜ್ಯಗಳ ಟಿಎಂಸಿ ಜಗಳ.

ಹವಾಮಾನ ಬದಲಾವಣೆ ಎಂದರೆ ನಮ್ಮಂಥ ನೌಕರಿಯವರಿಗೆ ದೂರದ ಹಿಮನದಿಯ ಸುದ್ದಿ ಅನ್ನಿಸಬಹುದು. ಆದರೆ ಪುಣೆಯಲ್ಲಿರುವ ನಮ್ಮ ಸೀಮೆಯ ಕನ್ನಡಿಗರಿಗೆ ಒಂದು ಕೆಲಸವಿದೆ: ನಾವು ಮೇಲಿನ ನೀರನ್ನು ಕುಡಿಯುತ್ತೇವೆ, ಕೆಳಗಿನ ಭಾಷೆಯನ್ನು ಬಲ್ಲೆವು. ನಾನೀಗ ಖಡಕ್‌ವಾಸ್ಲಾದ ಜೊತೆಗೆ ಉಜನಿಯ ಹೊರಹರಿವನ್ನೂ ನೋಡಿ, ಕನ್ನಡದಲ್ಲಿ ಊರಿನ ಗುಂಪಿಗೆ ಹಾಕುತ್ತೇನೆ. ಪಂಪ್‌ಸೆಟ್ ಬಿಚ್ಚಿ, ದನ ಮೇಲಕ್ಕೆ ಹೊಡೆಯಲು ಒಂದು ದಿನ ಸಿಕ್ಕರೂ ಸಾಕು. ಬೇಸಿಗೆಯಲ್ಲಿ ಊರಿನ ಖಾಲಿ ಹೊಳೆಯ ಫೋಟೊ ನಮ್ಮ ಸೊಸೈಟಿ ಗುಂಪಿಗೆ ಹೋಗುತ್ತದೆ. ಮೊದಲ ಸಲ ಹಾಕಿದಾಗ ಯಾರೂ ಉತ್ತರಿಸಲಿಲ್ಲ. ಈ ವರ್ಷ ಕಾರನ್ನು ಬಕೆಟ್‌ನಲ್ಲೇ ಒರೆಸಬೇಕೆಂದು ಠರಾವಾಗಿದೆ. ಭೀಮೆಗೆ ಅದರಿಂದ ಎಷ್ಟು ಉಳಿದೀತು? ಬಹಳವೇನಿಲ್ಲ. ಆದರೆ ದೊಡ್ಡಪ್ಪನಿಗೆ ಹೇಳಲು ನನಗೊಂದು ಮಾತು ಸಿಕ್ಕಿತು.